ಹರಾಜುಗಾರನ ಮುಂದೆ ನನ್ನ ಸ್ಲೇಟು

ಬೇಕರಿಯ ಹಿಂಬದಿಯ ಕೋಣೆಯಿಂದ,
ಮೇ ೯, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೊನೆಯ ಕಾಗದದಲ್ಲಿ ಬರೆದಿದ್ದೆಯಲ್ಲ, ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಸಮುದ್ರ ಏರಿಳಿದಾಗ ಹೊಟ್ಟೆ ತೊಳಸುವುದು ಈಗಲೂ ಇದೆಯೇ, ಇಲ್ಲ ಹನ್ನೊಂದು ವರ್ಷಕ್ಕೆ ಅದಕ್ಕೇ ಬೇಜಾರಾಗಿ ಬಿಟ್ಟುಹೋಯಿತೇ? ಮೂವತ್ತು ಜನರಿಗೆ ಬೇಯಿಸಿ ಹಾಕುವ ನೀನು ಮಾತ್ರ ನಿಂತುಕೊಂಡೇ ತಿನ್ನುತ್ತೀಯೆಂದು ನನಗೆ ಗೊತ್ತು. ಕೂತು ತಿನ್ನು.

ನಾನು ಚೆನ್ನಾಗಿದ್ದೇನೆ. ಇದು ಬಾಯಿಮಾತಿನ ಉಪಚಾರವಲ್ಲ. ನನ್ನ ಬಾಯಿಮಾತು ಹೋಗಿ ಏಳು ತಿಂಗಳಾಯಿತು. ಗಂಟಲ ಗಡ್ಡೆಯ ಜೊತೆಗೆ ದನಿಯ ಪೆಟ್ಟಿಗೆಯನ್ನೂ ತೆಗೆದ ಮೇಲೆ ಕತ್ತಿನ ತೂತಿನಿಂದಲೇ ಉಸಿರಾಟ. ಮೂಗಿಗೆ ಗಾಳಿ ಹೋಗದೆ ವಾಸನೆಯೂ ತಿಳಿಯುವುದಿಲ್ಲ. ಒಂದು ದಿನ ಎರಡು ತಟ್ಟೆ ಬ್ರೆಡ್ಡು ಕರಕಲಾದವು. ಬೇಕರಿಯ ಯಜಮಾನರು ಬೈಯಲಿಲ್ಲ, ಓವನ್ನಿನ ಪಕ್ಕ ಒಂದು ಅಲಾರಂ ಗಡಿಯಾರ ತಂದಿಟ್ಟರು. ನಿನ್ನ ಭಾವನಿಗಂತೂ ಮದುವೆಯಾದ ಮೇಲೆ ಮೊದಲ ಸಲ ವಾಕ್ಯ ಮುಗಿಸುವ ಭಾಗ್ಯ ಸಿಕ್ಕಿತು. ಜಗಳದಲ್ಲಿ ಎರಡೂ ಕಡೆಯ ಮಾತು ಅವರೇ ಆಡುತ್ತಾರೆ. ಆದರೂ ಸೋಲುತ್ತಾರೆ.

ನನ್ನ ಆಪರೇಷನ್ ಆದಾಗ ನೀನು ಅವರಿಗೆ ಫೋನ್ ಮಾಡಿ, "ಹಾಡೋಳ ಗಂಟಲನ್ನೇ ಕಿತ್ಕೊಂಡ ದೇವರ ಹತ್ರ ನಂಗಿನ್ನೇನು ಮಾತು" ಎಂದೆಯಂತೆ. ಆಮೇಲೆ ನಿನ್ನಿಂದ ಒಂದು ಕಾಗದವೂ ಇಲ್ಲ. ಸಿಟ್ಟಿಲ್ಲ ಮಾರಾಯ, ನಾನೂ ನಿನ್ನ ಕಡೆಗೇ ಇದ್ದೆ. ಇಪ್ಪತ್ತೆರಡು ವರ್ಷ ಗಾಯನವೃಂದ ನಡೆಸಿದವಳು ಮೂರು ತಿಂಗಳು ಚರ್ಚಿನ ಮೆಟ್ಟಿಲು ತುಳಿಯಲಿಲ್ಲ. ಭಾನುವಾರ ಅವರ ಹಾಡು ಕಿವಿಗೆ ಬೀಳದಿರಲೆಂದು ಹಿಂದಿನ ಬೀದಿ ಬಳಸಿಕೊಂಡು ಹೋಗುತ್ತಿದ್ದೆ.

ಅಷ್ಟರಲ್ಲಿ ಒಂದು ದಿನ, ಗಾಯ ತೋರಿಸಲು ಆಸ್ಪತ್ರೆಗೆ ಹೋದಾಗ, ನರ್ಸಮ್ಮ ನನ್ನನ್ನು ತಡೆದಳು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನೊಬ್ಬನಿಗೆ ಇದೇ ಆಪರೇಷನ್ ಆಗಬೇಕಿತ್ತು. ಸಾಯುತ್ತೇನೆಯೇ ಹೊರತು ಒಪ್ಪುವುದಿಲ್ಲ ಎಂದು ಕೂತಿದ್ದನಂತೆ. "ನೀವು ಸುಮ್ನೆ ಎದುರಿಗೆ ಕೂತ್ರೆ ಸಾಕು" ಎಂದಳು. ನಾನು ಸ್ಲೇಟಿನಲ್ಲಿ 'ಬೇಡ' ಎಂದು ಬರೆಯುವಷ್ಟರಲ್ಲಿ ಆಕೆ ಬಾಗಿಲು ತೆರೆದುಕೊಂಡು ಒಳಗೇ ಹೋಗಿಬಿಟ್ಟಿದ್ದಳು.

ಆಳು ಬಾಗಿಲಿನಷ್ಟು ಅಗಲ. ಗೋಡೆಗೆ ಮುಖ ಮಾಡಿ ಮಲಗಿದ್ದ. ಕಾಲ ಬಳಿ ಹೆಂಡತಿ ಕಿತ್ತಳೆ ಸುಲಿದು ಇಟ್ಟುಕೊಂಡು ಕೂತಿದ್ದಳು, ಅವನು ಮುಟ್ಟಿರಲಿಲ್ಲ. ಬಹಳ ಹೊತ್ತಿನ ಮೇಲೆ ತಿರುಗಿ, ನನ್ನ ಕತ್ತು ನೋಡಿ, "ನೀವು ಚರ್ಚಲ್ಲಿ ಹಾಡ್ತಿದ್ದೋರಂತೆ. ದೇವರ ಮೇಲೆ ಸಿಟ್ಟು ಬರಲ್ವಾ?" ಎಂದ.

ಒಳ್ಳೆಯ ಹೆಂಗಸಿನ ಉತ್ತರ ಬರೆಯಬೇಕೆಂದೇ ಬಳಪ ಎತ್ತಿದೆ. ಆದರೆ ಕೈ ಬರೆದದ್ದು, 'ಬರುತ್ತೆ. ದಿನಾ ಬೆಳಿಗ್ಗೆ ಹಿಟ್ಟು ನಾದುವಾಗ ಅವನಿಗೇ ಹೇಳ್ತೀನಿ.'

"ದನಿಯೇ ಇಲ್ವಲ್ಲ. ಅವನಿಗೆ ಕೇಳ್ಸುತ್ತಾ?"

ಸ್ಲೇಟು ಒರೆಸಿದೆ ಕಣೋ. ಪ್ರಾರ್ಥನೆ ಬಿಟ್ಟೆ ಎಂದುಕೊಂಡಿದ್ದ ಆ ಮೂರು ತಿಂಗಳಲ್ಲಿ ನಾನು ಯೇಸುವಿನ ಜೊತೆ ಆಡಿದಷ್ಟು ಮಾತು ಇನ್ಯಾರ ಜೊತೆಗೂ ಆಡಿರಲಿಲ್ಲ. ಬೈದದ್ದೇ ಹೆಚ್ಚು. ಅದನ್ನೆಲ್ಲ ಒಬ್ಬರು ಎದ್ದುಹೋಗದೆ ಕೂತು ಕೇಳಿದ್ದಾರೆ ಎಂಬುದು ಆ ಮಂಚದ ಪಕ್ಕದಲ್ಲಿ ನಿಂತಾಗಲೇ ನನಗೆ ಹೊಳೆದದ್ದು. ಬರೆದೆ: 'ಕೇಳ್ಸುತ್ತೆ. ಶಿಲುಬೆ ಮೇಲೆ ಅವನ ಗಂಟಲೂ ಒಣಗಿತ್ತು.'

ಅವನು ಅದನ್ನು ಎರಡು ಸಲ ಓದಿದ. "ಆಮೇಲೆ ಊಟದ ರುಚಿ ಗೊತ್ತಾಗುತ್ತಾ?" ಎಂದ. 'ಅರ್ಧಂಬರ್ಧ' ಎಂದು ಬರೆದೆ. ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿ, "ಹಂಗಾದ್ರೆ ದೊಡ್ಡ ನಷ್ಟ ಏನಿಲ್ಲ ಬಿಡಿ" ಎಂದ. ಆಕೆ ಅವನ ಮೇಲೆ ಕಿತ್ತಳೆ ಸಿಪ್ಪೆ ಎಸೆದಳು, ನಕ್ಕಳು, ನಗುತ್ತ ನಗುತ್ತ ಅತ್ತಳು. ಅವನು ಕೈ ಚಾಚಿ ಒಂದು ತೊಳೆ ತೆಗೆದುಕೊಂಡ.

ಆಪರೇಷನ್ ದಿನ ನಾನು ಆಕೆಯ ಜೊತೆ ಹೊರಗಿನ ಬೆಂಚಿನಲ್ಲಿ ಕೂತೆ. ಎಂಟು ಗಂಟೆ ಹೊತ್ತು. ನನ್ನ ತುಟಿ ಆಡುತ್ತಿತ್ತು, ಆಕೆ ಅದನ್ನೇ ನೋಡುತ್ತ ಕೊನೆಯಲ್ಲಿ "ಆಮೆನ್" ಎನ್ನುತ್ತಿದ್ದಳು. ಬದುಕಿದ. ಈಗ ಮಾರುಕಟ್ಟೆಯಲ್ಲಿ ಅವನು ಬೆರಳು ತೋರಿಸುತ್ತಾನೆ, ಆಕೆ ಕೂಗುತ್ತಾಳೆ. ಗಂಡನಿಗಿಂತ ಜೋರು ಗಂಟಲಂತೆ; ಪಾಪ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಅವನ ಆಪರೇಷನ್ ಆದ ಮುಂದಿನ ಭಾನುವಾರವೇ ನಾನೂ ಚರ್ಚಿಗೆ ಹೋದೆ. ಮುಂದೆ ನಿಂತು ಕೈಯಲ್ಲಿ ತಾಳ ಹಾಕುತ್ತೇನೆ. ಹಿಂದೆ ನನ್ನ ದನಿಯೊಂದೇ ಕೇಳುತ್ತಿತ್ತು, ಈಗ ಎಲ್ಲರದೂ ಕೇಳುತ್ತದೆ. ನಮ್ಮ ಅಂಚೆಯಣ್ಣ ಇಷ್ಟು ವರ್ಷವೂ ಅಪಸ್ವರವನ್ನೇ ಹಾಡುತ್ತಿದ್ದನೆಂದು ಗೊತ್ತಾಯಿತು. ಎಲ್ಲವೂ ಸುಖವೆಂದು ಸುಳ್ಳು ಹೇಳಲಾರೆ. ದನಿ ಏರಬೇಕಾದ ಕಡೆ ಎದೆ ತಾನಾಗಿ ತುಂಬಿಕೊಳ್ಳುತ್ತದೆ, ಕತ್ತಿನಿಂದ ಬರೀ ಗಾಳಿ ಹೊರಡುತ್ತದೆ. ಅಲ್ಲಿ ಕಣ್ಣು ಒದ್ದೆಯಾಗುತ್ತದೆ. ಆದರೆ ಮುಂದಿನ ಸಾಲಿಗೆ ಕೈ ಎತ್ತಲೇಬೇಕಲ್ಲ, ಎತ್ತುತ್ತೇನೆ.

ನಿನಗೆ ಉಪದೇಶ ಮಾಡುವುದಿಲ್ಲ. ಆತನ ಜೊತೆ ಜಗಳವಿದ್ದರೆ ಜಗಳವನ್ನೇ ಆಡು. ಮಾತು ಮಾತ್ರ ಬಿಡಬೇಡ.

ಭಾವ ನಿನ್ನನ್ನು ಬಹಳ ನೆನೆಯುತ್ತಾರೆ. ನಿನ್ನನ್ನೂ ನಿನ್ನ ಒಲೆಯನ್ನೂ ಆ ಮೂವತ್ತು ಹೊಟ್ಟೆಗಳನ್ನೂ ಕರ್ತನ ಕೈಗೆ ಒಪ್ಪಿಸಿ,

ನಿನ್ನ ಅಕ್ಕ

ತಾ.ಕ.: ಅಲಾರಂ ಹೊಡೆಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ಹೋದ ವಾರ ಡಾಕ್ಟರು ನನ್ನ ಕತ್ತಿನೊಳಗೆ ಅಂಗಿಯ ಗುಂಡಿಯಷ್ಟು ಸಣ್ಣ ಕವಾಟ ಕೂರಿಸಿದ್ದಾರೆ. ತೂತನ್ನು ಹೆಬ್ಬೆರಳಿನಿಂದ ಮುಚ್ಚಿದರೆ ದನಿ ಬರುತ್ತದೆ, ಕಪ್ಪೆಗೆ ನೆಗಡಿಯಾದಂತೆ. ನಿನ್ನ ಹಡಗು ಬಂದರು ಸೇರುವ ಭಾನುವಾರ ಸಂಜೆ ನಾಲ್ಕಕ್ಕೆ ನಾನೇ ಫೋನ್ ಮಾಡುತ್ತೇನೆ. ಯಾರೋ ಗಂಡಸು, ರಾಂಗ್ ನಂಬರ್ ಎಂದು ಇಟ್ಟುಬಿಡಬೇಡ. ನಾನು ಮೊದಲು ನಿನ್ನ ಹೆಸರು ಕರೆಯುತ್ತೇನೆ. ಅದೊಂದನ್ನು ಸ್ಪಷ್ಟವಾಗಿ ಹೇಳಲು ಕಲಿತಿದ್ದೇನೆ.