ಕೆಂಪು ಡಬ್ಬಿಯೊಳಗಿನ ಫೋನು

ಅವ್ವಾ,

ಈ ಕಾಗದ ನಿನಗೆ ತಲುಪದೆಂದು ಗೊತ್ತು. ಆದರೂ ನಿನಗೆ ಹೇಳದೆ ಇರಲಾರೆ.

ಕೋವಿಡ್ ವಾರ್ಡುಗಳ ಕಸ ಯಾವ ಲಾರಿಯಲ್ಲಿ, ಅದನ್ನು ಸುಡುವ ಯಾವ ಕುಲುಮೆಗೆ ಹೋಗಬೇಕೆಂದು ಗೊತ್ತುಮಾಡುವುದು ಈಗ ನನ್ನ ಕೆಲಸ. ಹ್ಯೂಸ್ಟನ್ನಿನ ಕುಲುಮೆಗೆ ತಾಳಲಾರದಷ್ಟು ಕಸ ಬಂದಿದ್ದರಿಂದ, ನೀನು ತೀರಿಕೊಂಡ ಅಲ್ಲಿನ ಆಸ್ಪತ್ರೆಯ ಕಸವನ್ನೂ ನಾನಿರುವ ಡಲ್ಲಾಸಿನ ಕುಲುಮೆಗೆ ತರಿಸಿದೆ.

ಇಂದು ಆ ಲಾರಿ ಬಂದು ನಿಂತಾಗ, ಸೋಂಕಿನ ಕಸ ತುಂಬಿ ಸೀಲು ಹಾಕಿದ ಕೆಂಪು ಡಬ್ಬಿಯೊಂದರ ಒಳಗೆ ಫೋನು ರಿಂಗಾಗತೊಡಗಿತು.

"ಅಕ್ಕಾರ, ಯಾರೋ ಕರ್ಯಾಕತ್ತಾರ್ರಿ," ಎಂದ ನಮ್ಮೂರ ಕಡೆಯವನೇ ಆದ ಡ್ರೈವರ್ ಬಾಳಪ್ಪ. "ತೆಗೀಲೇನು?"

"ಬ್ಯಾಡೋ ಮಾರಾಯಾ! ಮನ್ಯಾಗ ಕೂಸೈತಿ ನಿಂದು. ಕೈ ಹಚ್ಚಬ್ಯಾಡ."

ಫೋನು ನಿಂತಿತು, ಮತ್ತೆ ಶುರುವಾಯಿತು. ತೀರಿಕೊಂಡ ರೋಗಿಯ ಫೋನಿರಬೇಕು; ಕರೆ ಮಾಡುತ್ತಿದ್ದವರಿಗೆ ಆಸ್ಪತ್ರೆಯವರು ಸಾವಿನ ಸುದ್ದಿ ಇನ್ನೂ ಹೇಳಿಲ್ಲವೇನೋ. ನೀನು ಹೋದ ದಿನ ನಾನೂ ಹಾಗೇ ಕರೆ ಮಾಡುತ್ತಿದ್ದೆ, ನಿನಗೆ ನಿದ್ದೆ ಹತ್ತಿರಬೇಕು ಎಂದುಕೊಂಡು.

ಆಮೇಲೆ ಅರ್ಧ ರಿಂಗಿಗೇ ಸದ್ದು ನಿಂತಿತು, ಒಳಗೆ ಯಾರೋ ಎತ್ತಿಕೊಂಡ ಹಾಗೆ.

"ಬ್ಯಾಟರಿ ಹೋಗಿರಬೇಕು," ಎಂದೆ.

"ಹೌದ್ರಿ, ಬ್ಯಾಟರೀನ," ಎಂದ ಅವನು. ಆದರೂ ಇಬ್ಬರೂ ಡಬ್ಬಿಗೆ ಕಿವಿಗೊಟ್ಟೇ ನಿಂತಿದ್ದೆವು.

ಡಬ್ಬಿಗಳನ್ನೆಲ್ಲ ಕುಲುಮೆಗೆ ನೂಕಿ ಹೊರಟ ಬಾಳಪ್ಪ, ನನ್ನ ಕಡೆಗಲ್ಲ, ಕುಲುಮೆಯ ಮುಚ್ಚಿದ ಬಾಗಿಲ ಕಡೆ ತಿರುಗಿ, "ಬರ್ತೀನ್ರಿ," ಎಂದುಬಿಟ್ಟ. ಸಾವಿನ ಮನೆಯಿಂದ ಹೊರಡುವಾಗ ಆಡಬಾರದ ಮಾತು. ತಕ್ಷಣ ನಾಲಿಗೆ ಕಚ್ಚಿಕೊಂಡ.

ನಾನು ಬೈಯಲಿಲ್ಲ ಅವ್ವಾ. ಆಸ್ಪತ್ರೆಯ ಬಾಗಿಲಲ್ಲಿ ನಿನ್ನನ್ನು ಬಿಟ್ಟು ತಿರುಗುವಾಗ ನಾನೂ ಅದನ್ನೇ ಅಂದಿದ್ದೆ. ನೀನು ನಂಬಿ ತಲೆಯಾಡಿಸಿದ್ದೆ.