ದೊಡ್ಡಿಯ ಅಂಗೈ ಅಳತೆಯ ಹಿಡಿ

ಮಾದಾಪುರ, 1958

ದೊಡ್ಡಿ,

ಕಾಫಿ ಗಿಡ ಸವರುವ ಕತ್ತಿಗಳಿಗೆ ಇವತ್ತು ಹೊಸ ಹಿಡಿ ಬಂತು. ಅಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕಾಗದದ ಮೇಲೆ ನಿನ್ನ ಅಂಗೈ ಇರಿಸಿ ಸುತ್ತ ಗೆರೆ ಎಳೆದದ್ದು ಇದಕ್ಕೇ ಅಂತೆ. ನಾನು ಅದನ್ನು ನಮ್ಮ ಕೂಲಿಯವರ ಸಂಘ ಮುರಿಯಲು ನೀನು ಕೈಗುರುತು ಹಾಕಿ ಕೊಟ್ಟ ಒಪ್ಪಿಗೆ ಎಂದು ಸಾರಿದೆ. ಕೂಲಿ ಲೈನಿನ ಮನೆಗಳಲ್ಲಿ ಯಾರೂ ನಿನ್ನೊಡನೆ ಮಾತಾಡದಂತೆ ಮಾಡಿದೆ. ನೀನು ಗಂಟು ಕಟ್ಟಿ ಸಿದ್ದಾಪುರದ ಬಸ್ಸು ಹತ್ತಿದೆ.

ಎಸ್ಟೇಟಿನ ದೊರೆಗೆ ನಮ್ಮ ಕೈಗಳ ಮೇಲೆ ಇದೆಂಥ ಕರುಣೆ? ಈಗಲೂ ನಂಬುವುದಿಲ್ಲ. ಕೈ ನೋಯದಿದ್ದರೆ ದಿನಕ್ಕೆ ಇನ್ನಷ್ಟು ಗಿಡ ಸವರಿಸುತ್ತಾರೆ, ಅಷ್ಟೇ. ಕತ್ತಿ ಹಂಚುವಾಗ ಎಲ್ಲರೆದುರು ಹಾಗೆಂದೇ ಕೂಗಿದೆ.

ನಿನ್ನ ಜೊತೆ ಗಿಡ ಸವರುತ್ತಿದ್ದ ಗಂಗೆ ಹೊಸ ಹಿಡಿಯ ಕತ್ತಿ ಹಿಡಿದು ನಕ್ಕಳು. “ಹೆಂಗಸ್ರ ಕೈಗೆ ಸರಿಯಾಗಿ ಕೂತದೆ, ಲೀಡರಣ್ಣ. ಬೊಬ್ಬೆ ಏಳಲ್ಲ. ಭಾಷಣ ಆಮೇಲೆ ಮಾಡು, ದೊಡ್ಡಿ ಎಲ್ಲವ್ಳೆ ಹೇಳು.”

ಸಿದ್ದಾಪುರದಿಂದಾಚೆ ನೀನು ಎಲ್ಲಿಗೆ ಹೋದೆ ಎಂದು ನಾನು ಯಾರನ್ನೂ ವಿಚಾರಿಸಿರಲಿಲ್ಲ.