ಮುದ್ದೆ ಅಗಿದವರಿಗೆ

ಮಧುಗಿರಿ
14 ಏಪ್ರಿಲ್ 2024

ಕಾರವಾರದಲ್ಲಿರುವ ನಮ್ಮ ಯಜಮಾನರಿಗೆ ಲಕ್ಷ್ಮೀದೇವಿ ಬರೆಯುವುದು.

ಅತ್ತೆ ಕ್ಷೇಮ, ಮಗಳು ಕ್ಷೇಮ. ನಾನೂ ಕ್ಷೇಮ ಅಂದುಕೊಳ್ಳಿ. ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಕ್ಕು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ.

ಮೊನ್ನೆ ಯುಗಾದಿಯ ಮಾರನೆ ದಿನ ಹೊಸತೊಡಕಿನ ಬಾಡೂಟಕ್ಕೆ ಕೂತಾಗ ನೀವು ಮಾಡಿದ್ದೇನು ಗೊತ್ತೇ? ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟು ಅಗಿದಿರಿ. ಮಧುಗಿರಿಯಲ್ಲಿ ಹುಟ್ಟಿದವರು ಮುದ್ದೆ ಅಗಿಯುವುದೇ? ಅತ್ತೆ ಎತ್ತಿದ ಸೌಟು ಹಾಗೇ ಹಿಡಿದುಕೊಂಡು, “ಇದೇನ್ಲಾ ಪರಮೇಶ, ನುಂಗೋದ್ನೇ ಮರ್ತ್‌ಬುಟ್ಯಾ?” ಅಂದರು. ನೀವೋ, ಶಾಲಿನಿ ಮೀನಿನ ಸಾರಿಗೆ ತಿರ್ಫಲ ಅಂತ ಒಂದು ಕಾಯಿ ಹಾಕುತ್ತಾಳೆ, ಏನು ಘಮ ಅಂತೀಯ ಅಂದಿರಿ. ನಾನು ಮಾಡಿದ ಬಾಡಿನ ಸಾರು ಎದುರಿಗೇ ಇತ್ತು.

ಶಾಲಿನಿ ನಿಮ್ಮ ಲ್ಯಾಬಿನವಳು, ಮೀನು ಏನು ತಿಂದಿದೆ ಅಂತ ನೋಡಲು ನಿಮ್ಮ ಪಕ್ಕದಲ್ಲಿ ಕೂತು ಅದರ ಹೊಟ್ಟೆ ಸೀಳುವವಳು, ದಿನಾ ನಿಮಗೂ ಒಂದು ಡಬ್ಬಿ ತರುವವಳು. ಇಷ್ಟು ಗೊತ್ತು. ಒಳ್ಳೆಯವಳೇ ಇರಬಹುದು. ಅವಳ ಒಳ್ಳೆಯತನ ಕಟ್ಟಿಕೊಂಡು ನನಗೇನಾಗಬೇಕು? ನನಗೆ ಹೊಟ್ಟೆಕಿಚ್ಚು, ಹೌದು.

ನಿಮ್ಮ ಕೆಲಸದ ವಿಷಯ ನನಗೆ ಹೇಳಿಕೊಟ್ಟವರು ನೀವೇ. ಬಂಗುಡೆ ನೀರಲ್ಲಿ ತೇಲುವ ಸಣ್ಣಸಣ್ಣದನ್ನು ಸೋಸಿ ತಿನ್ನುತ್ತದೆ, ಮುರುಮೀನು ಅದನ್ನು ಮೂಸುವುದೂ ಇಲ್ಲ ಅಂದಿರಿ. ಅವು ಬೇರೆ ಬೇರೆ ಜಾತಿ, ಸರಿ. ಆದರೆ ಒಂದೇ ಬಲೆಗೆ ಬಿದ್ದ ಮುರುಮೀನುಗಳಲ್ಲೇ ಒಂದರ ಹೊಟ್ಟೆಯಲ್ಲಿ ಏಡಿ, ಇನ್ನೊಂದರಲ್ಲಿ ಸಿಗಡಿ, ಬಲಿತದ್ದರಲ್ಲಿ ಬರೀ ಮೀನು ಸಿಗುತ್ತದಂತೆ. ಹೊಟ್ಟೆ ಸೀಳಿದರೆ ಕಾಣುವುದು ಈಚಿನ ಊಟವಷ್ಟೇ, ತಿಂಗಳುಗಟ್ಟಲೆ ಏನು ತಿಂದಿದೆ ಅಂತ ತಿಳಿಯಬೇಕಾದರೆ ಮಾಂಸ ಪರೀಕ್ಷೆ ಮಾಡಬೇಕು ಅಂತಲೂ ಅಂದಿರಿ. ಯಾವತ್ತೋ ಒಂದು ದಿನ ಅವಳ ಡಬ್ಬಿ ಉಂಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಗಂಟಲು ಮುದ್ದೆಯನ್ನೇ ಮರೆಯಬೇಕಾದರೆ ಎಷ್ಟು ತಿಂಗಳ ಊಟ ಆಗಿರಬೇಕು ನೀವೇ ಹೇಳಿ. ಅವತ್ತು ರಾತ್ರಿ ನಾನು ಉಣ್ಣಲಿಲ್ಲ. ನಿಮಗೆ ಅದೂ ಗೊತ್ತಾಗಲಿಲ್ಲ.

ಇನ್ನೆರಡು ವರ್ಷ ಕಾರವಾರದಲ್ಲೇ ಇರಲೋ, ತುಮಕೂರಿಗೆ ವರ್ಗ ಕೇಳಲೋ ಅಂತ ಹೊರಡುವಾಗ ನನ್ನನ್ನು ಕೇಳಿದಿರಿ. ಇರಿ. ನಿಮಗೆ ಇಷ್ಟವಾದ ಕೆಲಸ. ನನ್ನದೇನೂ ಅಡ್ಡಿಯಿಲ್ಲ.

ಇಂತಿ, ಇನ್ನೂ ಮುದ್ದೆ ನುಂಗುವ ನಿಮ್ಮ
ಲಕ್ಷ್ಮೀದೇವಿ

ಮರೆತಿದ್ದೆ: ನಮ್ಮ ಸ್ಕೂಲಿಗೆ ಬೇಸಿಗೆ ರಜೆ ಬಿಟ್ಟಿದೆ. ಓಬಳಯ್ಯನವರ ಗಿರಣಿಯಲ್ಲಿ ರಾಗಿ ಬೀಸಿಸಿಯಾಯಿತು, ಮುದ್ದೆ ಕೋಲು ಚೀಲದಲ್ಲಿದೆ. ಶನಿವಾರ ಬೆಳಗ್ಗೆ ಕಾರವಾರದಲ್ಲಿ ಇಳಿಯುತ್ತೇನೆ, ಬಸ್ ಸ್ಟ್ಯಾಂಡಿಗೆ ಬನ್ನಿ. ಸೋಮವಾರದಿಂದ ಡಬ್ಬಿ ಬೇಡ ಅಂತ ಶಾಲಿನಿಗೆ ಹೇಳಿ. ಬೇಕಾದರೆ ಒಂದು ದಿನ ಊಟಕ್ಕೆ ಕರೆಯಿರಿ, ಅವಳಿಗೆ ನುಂಗಲು ಬರುತ್ತದೋ ನೋಡುತ್ತೇನೆ. ಹೊಸ ಊಟ ಮಾಂಸಕ್ಕೆ ಹತ್ತಲು ಸಮಯ ಬೇಕು ಅಂದಿದ್ದಿರಲ್ಲ, ರಜೆ ಪೂರ್ತಿ ಅಲ್ಲೇ ಇರುತ್ತೇನೆ. ಆಮೇಲೂ ಅಗಿಯುತ್ತಿದ್ದರೆ ವರ್ಗದ ಅರ್ಜಿ ನಾನೇ ಬರೆಯುತ್ತೇನೆ.